ಕೊನೆ ಹಂತದ ರೋಗಿಗಳ ಮನೆಗೆ ನೆರವು: ಬಡಾವಣೆಯಲ್ಲಿ ಸ್ವಯಂಸೇವಕರ ತಂಡ ಕಟ್ಟುವುದು ಹೇಗೆ?

ಹಂಪಿನಗರ_ನೆರೆಹೊರೆ ಕೇಳಿದ್ದು:

ನಮಸ್ಕಾರ. ವಿಜಯನಗರ, ಹಂಪಿನಗರ, ಗೋವಿಂದರಾಜನಗರದ ಹನ್ನೆರಡು ಜನ ಸೇರಿದ್ದೇವೆ. ಹೆಚ್ಚಿನವರು ನಿವೃತ್ತರು, ಮೂವರು ಐಟಿಯವರು, ಅವರು ಶನಿವಾರ-ಭಾನುವಾರ ಮಾತ್ರ ಸಿಗುತ್ತಾರೆ. "ಇನ್ನು ಮಾಡುವಂಥದ್ದೇನಿಲ್ಲ, ಮನೆಗೆ ಕರ್ಕೊಂಡು ಹೋಗಿ" ಅಂತ ಆಸ್ಪತ್ರೆಯಿಂದ ಕಳಿಸಿದ ಮೇಲೆ ಆ ಮನೆಯವರಿಗೆ ದಿಕ್ಕೇ ತೋಚುವುದಿಲ್ಲ. ಮಕ್ಕಳು ಹೊರದೇಶದಲ್ಲಿ, ನೋಡಿಕೊಳ್ಳುವ ಹೆಂಡತಿಗೂ ಎಪ್ಪತ್ತು ದಾಟಿರುತ್ತೆ. ಅಂಥ ಮನೆಗಳಿಗೆ ಕೈಲಾದದ್ದು ಮಾಡಬೇಕು ಅಂತ ಆಸೆ. ಆದರೆ ನಮ್ಮಲ್ಲಿ ಡಾಕ್ಟರೂ ಇಲ್ಲ, ನರ್ಸೂ ಇಲ್ಲ.

ನಾವು ಏನು ಮಾಡಬಹುದು, ಯಾವುದಕ್ಕೆ ಕೈ ಹಾಕಬಾರದು? ಕಾಟು, ಏರ್‌ಬೆಡ್ಡು, ಆಕ್ಸಿಜನ್ ಮೆಷಿನ್ನು ಕೊಂಡಿಟ್ಟುಕೊಂಡು ಎರವಲು ಕೊಡೋಣ ಅಂತ ಕೆಲವರ ಅಭಿಪ್ರಾಯ. ಮನೆಯಲ್ಲೇ ತೀರಿಕೊಂಡರೆ ಕಾಗದಪತ್ರದ ಕತೆ ಏನು? ಗೊತ್ತಿರುವವರು ವಿವರವಾಗಿ ತಿಳಿಸಿ.

ಗೃಹಭೇಟಿ_ಸಿಸ್ಟರ್ ಉತ್ತರ:

ಸರ್, ಸಲಕರಣೆ ಆಮೇಲೆ. ಮೊದಲು ಯಾವುದಾದರೂ ಪ್ಯಾಲಿಯೇಟಿವ್ ಕೇರ್ (ವಾಸಿಯಾಗದ ರೋಗದಲ್ಲಿ ನೋವು, ಸಂಕಟ ಕಡಿಮೆ ಮಾಡುವ ಆರೈಕೆ) ತಂಡದ ಜೊತೆ ಸಂಬಂಧ ಬೆಳೆಸಿ. ಡಾಕ್ಟರು-ನರ್ಸು ಬೆನ್ನಿಗಿಲ್ಲದ ಸ್ವಯಂಸೇವಕರು ಎರಡನೇ ವಾರಕ್ಕೇ ಕೈಚೆಲ್ಲುತ್ತಾರೆ, ಏಕೆಂದರೆ ಮನೆಯವರು ಮೊದಲು ಕೇಳುವುದೇ "ನೋವು ತಡೆಯಕ್ಕಾಗ್ತಿಲ್ಲ, ಏನು ಕೊಡೋಣ?" ಅಂತ. ಬೆಂಗಳೂರಿನಲ್ಲಿ ಕಿದ್ವಾಯಿ, ಸೇಂಟ್ ಜಾನ್ಸ್ ಎರಡೂ ಆಸ್ಪತ್ರೆಗಳಲ್ಲಿ ಪ್ಯಾಲಿಯೇಟಿವ್ ವಿಭಾಗವಿದೆ. ಮಾರತ್ತಹಳ್ಳಿ ಹತ್ತಿರದ ಕರುಣಾಶ್ರಯ 1999ರಿಂದ ಕೊನೆ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಿದೆ, ಮನೆಗೆ ಹೋಗಿ ನೋಡುವ ತಂಡವೂ ಅವರಲ್ಲಿದೆ. ನಿಮ್ಮ ರೋಗಿ ಯಾರ ಕೈಕೆಳಗಿದ್ದಾರೋ ಅವರ ಜೊತೆಯೇ ಮಾತಾಡಿ, ಅವರ ಕಣ್ಗಾವಲಿನಲ್ಲಿ ಶುರು ಮಾಡಿ.

ತರಬೇತಿಗೆ ಕೇರಳದ ಮಾದರಿ ನೋಡಿ. ಮಲಪ್ಪುರಂ, ಕೋಯಿಕ್ಕೋಡ್ ಕಡೆ ನೆರೆಹೊರೆಯವರೇ ಕಟ್ಟಿದ ಜಾಲದಲ್ಲಿ ವಾರಕ್ಕೆ ಕನಿಷ್ಠ 2 ಗಂಟೆ ಕೊಡಬಲ್ಲವರನ್ನು ಸೇರಿಸಿಕೊಂಡು, 16 ಗಂಟೆ ಪಾಠ ಹೇಳಿ, ನಾಲ್ಕು ದಿನ ನರ್ಸ್ ಜೊತೆ ರೋಗಿಗಳ ಬಳಿ ಕಳಿಸುತ್ತಿದ್ದರು. ಅದಕ್ಕಿಂತ ಕಡಿಮೆ ಮಾಡಬೇಡಿ. ಹನ್ನೆರಡು ಜನಕ್ಕೆ ಒಂದು ಸಲಕ್ಕೆ ಎರಡು-ಮೂರು ಮನೆ ಸಾಕು, ಅದೂ ಎರಡು-ಮೂರು ಕಿಲೋಮೀಟರ್ ಒಳಗೆ. ಸಂಜೆ ಆರಕ್ಕೆ ಮಾಗಡಿ ರೋಡಿನಲ್ಲಿ ಸಿಕ್ಕಿಹಾಕಿಕೊಂಡು ಬರುವ ಸ್ವಯಂಸೇವಕ ಹೆಚ್ಚು ದಿನ ಬರುವುದಿಲ್ಲ.

ನಿಮ್ಮ ನಿಜವಾದ ಕೆಲಸ ರೋಗಿಗಿಂತ ಹೆಚ್ಚಾಗಿ ನೋಡಿಕೊಳ್ಳುವವರದ್ದು. ವಾರಕ್ಕೆ ಎರಡು ಸಲ ಇಬ್ಬಿಬ್ಬರು ಹೋಗಿ ಎರಡು ಗಂಟೆ ಕೂತರೆ ಆ ತಾಯಿ ಸ್ನಾನ ಮಾಡಿ ಒಂದು ನಿದ್ದೆ ತೆಗೆಯಬಹುದು, ಬ್ಯಾಂಕಿಗೋ ದೇವಸ್ಥಾನಕ್ಕೋ ಹೋಗಿಬರಬಹುದು. ಮೆಡಿಕಲ್ ಶಾಪಿನಿಂದ ಔಷಧಿ ತರುವುದು, ಒಂದು ಹೊತ್ತಿನ ಸಾರು-ಪಲ್ಯ ಕಳಿಸುವುದು, ಅಪಾರ್ಟ್‌ಮೆಂಟ್ ಆದರೆ ಲಿಫ್ಟಿನಲ್ಲಿ ಸ್ಟ್ರೆಚರ್ ಹಿಡಿಸುತ್ತದಾ ಅಂತ ಸೆಕ್ಯೂರಿಟಿ ಜೊತೆ ಮೊದಲೇ ನೋಡಿಡುವುದು, ಇದೆಲ್ಲ ನಿಮ್ಮದು. ಇಂಜೆಕ್ಷನ್, ಮೂಗಿನ ಟ್ಯೂಬಿನಲ್ಲಿ ಊಟ ಹಾಕುವುದು, ಡೋಸ್ ಹೆಚ್ಚು-ಕಮ್ಮಿ ಮಾಡುವುದು ನಿಮ್ಮದಲ್ಲ. "ನಮ್ಮೂರಲ್ಲೊಬ್ಬರು ನಾಟಿ ಔಷಧಿ ಕೊಡ್ತಾರೆ" ಅನ್ನುವ ಸ್ವಯಂಸೇವಕರನ್ನು ಆ ಮಾತು ಬಂದ ದಿನವೇ ಕೂರಿಸಿ ತಿಳಿಹೇಳಿ.

ನೋವಿನ ಮಾತ್ರೆಯಲ್ಲಿ ನೀವು ದೊಡ್ಡ ಉಪಕಾರ ಮಾಡಬಹುದು. ಸಾಮಾನ್ಯ ಮಾರ್ಫಿನ್ ಮಾತ್ರೆಯ ಪ್ರಭಾವ ನಾಲ್ಕು ಗಂಟೆ ಮಾತ್ರ. ಹಾಗಾಗಿ ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10 ಅಂತ ಬರೆದುಕೊಡುತ್ತಾರೆ. ನಡುರಾತ್ರಿ ಎಬ್ಬಿಸುವುದು ತಪ್ಪಲಿ ಅಂತ ರಾತ್ರಿ ಹತ್ತರ ಡೋಸನ್ನು ಡಾಕ್ಟರು ಹೆಚ್ಚಾಗಿ ಎರಡರಷ್ಟು ಬರೆಯುತ್ತಾರೆ. ಮನೆಯವರು "ನೋವು ಬಂದಾಗ ಕೊಟ್ಟರಾಯ್ತು, ಚಟ ಆಗಿಬಿಟ್ಟೀತು" ಅಂತ ತಡಮಾಡುತ್ತಾರೆ. ಒಮ್ಮೆ ನೋವು ಏರಿತೆಂದರೆ ಅದೇ ಡೋಸಿಗೆ ಇಳಿಯುವುದಿಲ್ಲ. ಗೋಡೆಯ ಮೇಲೆ ದೊಡ್ಡಕ್ಷರದ ಚೀಟಿ ಅಂಟಿಸಿ, ಕೊಟ್ಟ ಕೂಡಲೇ ಗುರುತು ಹಾಕಿಸಿ. ಮಾರ್ಫಿನ್ ಇದ್ದರೆ ಮಲಬದ್ಧತೆ ಬಂದೇ ಬರುತ್ತದೆ, ಅದರ ಮಾತ್ರೆಯನ್ನೂ ಬರೆದಿದ್ದಾರಾ ನೋಡಿ, ಇಲ್ಲದಿದ್ದರೆ ನರ್ಸ್‌ಗೆ ಫೋನ್ ಮಾಡಿಸಿ. ಫೆಂಟನಿಲ್ ಪಟ್ಟಿ (ಚರ್ಮದ ಮೂಲಕ ಔಷಧಿ ಇಳಿಸುವ ನೋವಿನ ಪಟ್ಟಿ) ಅಂಟಿಸಿದ್ದರೆ ಆ ಜಾಗದ ಹತ್ತಿರ ಬಿಸಿನೀರಿನ ಚೀಲ ಸುಳಿಯಬಾರದು, ಬಿಸಿಗೆ ಔಷಧಿ ಒಮ್ಮೆಲೇ ಮೈಗೆ ಇಳಿಯುತ್ತದೆ.

ಇನ್ನು ಬಾಯಿ. ಎಲ್ಲರೂ ಮರೆಯುವುದು ಇದನ್ನೇ. ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಅರ್ಧ ಟೀ ಚಮಚ ಉಪ್ಪು, ಅರ್ಧ ಟೀ ಚಮಚ ಅಡುಗೆ ಸೋಡಾ. ಬೆರಳಿಗೆ ಮೆತ್ತನೆ ಬಟ್ಟೆ ಸುತ್ತಿ ಅದ್ದಿ ಹಿಂಡಿ ಒಸಡು, ಕೆನ್ನೆಯ ಒಳಭಾಗ, ನಾಲಿಗೆ ಒರೆಸಿ. ಎಚ್ಚರವಿರುವಷ್ಟು ಹೊತ್ತು ಎರಡು ಗಂಟೆಗೊಮ್ಮೆ. ಬಾಯಿ ಒಣಗಿ ಹುಣ್ಣಾದವರಿಗೆ "ಯಾಕೆ ಊಟ ಮಾಡ್ತಿಲ್ಲ" ಅಂತ ಬೈದು ಪ್ರಯೋಜನವಿಲ್ಲ.

ಜಯನಗರ_ಸಲಕರಣೆ ಉತ್ತರ:

ಎರವಲು ಭಂಡಾರ ಒಳ್ಳೆಯದೇ, ಆದರೆ ಇಡುವ ಜಾಗ, ತೊಳೆಯುವವರು, ಸಾಗಿಸುವ ಗೂಡ್ಸ್ ಆಟೋ ಖರ್ಚು ಲೆಕ್ಕ ಹಾಕಿ. ಮೊದಲಿಗೆ ತಲೆಭಾಗ ಎತ್ತಬಹುದಾದ ಒಂದು ಕಾಟು, ಎರಡು ಏರ್‌ಬೆಡ್, ಎರಡು ಕಮೋಡ್ ಕುರ್ಚಿ, ಒಂದು ಗಾಲಿಕುರ್ಚಿ ಸಾಕು. ಏರ್‌ಬೆಡ್ಡೇ ಎಲ್ಲಕ್ಕಿಂತ ಹೆಚ್ಚು ಓಡಾಡುತ್ತದೆ, ಹೆಚ್ಚು ತಪ್ಪಾಗಿ ಬಳಕೆಯಾಗುವುದೂ ಅದೇ. ಮೇಲೆ ರಬ್ಬರ್ ಶೀಟು, ಅದರ ಮೇಲೆ ಕಂಬಳಿ, ಅದರ ಮೇಲೆ ಮಡಚಿದ ಸೀರೆ ಹಾಸಿದರೆ ಗಾಳಿಯ ಕೆಲಸವೇ ನಡೆಯದು. ಒಂದೇ ತೆಳು ಹತ್ತಿಯ ಬೆಡ್‌ಶೀಟ್, ಸುಕ್ಕಿಲ್ಲದೆ. ಗಾಳಿ ಸರಿಯಿದೆಯಾ ನೋಡಲು ರೋಗಿಯ ಪೃಷ್ಠದ ನೇರಕ್ಕೆ, ಏರ್‌ಬೆಡ್ಡಿನ ಅಡಿಯಲ್ಲಿ ಅಂಗೈ ಮೇಲ್ಮುಖ ಮಾಡಿ ತೂರಿಸಿ. ಮೂಳೆ ಕೈಗೆ ಒತ್ತಿದರೆ ಗಾಳಿ ಸಾಲದು, ಒಂದು ಇಂಚಿನಷ್ಟು ಮೆತ್ತೆ ಸಿಗಬೇಕು. ಗಾಳಿ ತುಂಬುವ ಪಂಪಿಗೆ ಕರೆಂಟ್ ಅತ್ಯಲ್ಪ ಸಾಕು, ಇನ್ವರ್ಟರ್ ಇರುವ ಪಾಯಿಂಟಿಗೇ ಹಾಕಿಸಿ.

ಏರ್‌ಬೆಡ್ ಬಂತು ಅಂತ ಮಗ್ಗುಲು ಬದಲಿಸುವುದನ್ನು ಬಿಡುತ್ತಾರೆ, ಹಾಸಿಗೆ ಹುಣ್ಣು ಆಗುವುದು ಹೀಗೇ. ಎರಡು ಗಂಟೆಗೊಮ್ಮೆ ತಿರುಗಿಸಬೇಕು, ಪೂರ್ತಿ ಮಗ್ಗುಲಿಗಲ್ಲ, ಬೆನ್ನ ಹಿಂದೆ ದಿಂಬು ಕೊಟ್ಟು ಓರೆಯಾಗಿ, ಸುಮಾರು 30 ಡಿಗ್ರಿ. ಅಡ್ಡಡ್ಡ ಮಡಚಿದ ಬೆಡ್‌ಶೀಟನ್ನು ಸೊಂಟದಡಿ ಹಾಸಿಟ್ಟು ಇಬ್ಬರು ಅದನ್ನು ಹಿಡಿದು ಎತ್ತಿ ಸರಿಸಬೇಕು, ತೋಳು ಹಿಡಿದು ಎಳೆದರೆ ಚರ್ಮ ಸುಲಿಯುತ್ತದೆ. ಮೀನಖಂಡದ ಅಡಿಗೆ ದಿಂಬಿಟ್ಟು ಹಿಮ್ಮಡಿ ಗಾಳಿಯಲ್ಲಿ ತೇಲುವಂತಿರಲಿ. ನಮ್ಮವರ ಕಪ್ಪು-ಗೋಧಿ ಮೈಬಣ್ಣದಲ್ಲಿ ಶುರುವಿನ ಹುಣ್ಣು ಕೆಂಪಾಗಿ ಕಾಣುವುದಿಲ್ಲ, ನೇರಳೆ ಛಾಯೆ ಬಂದು, ಮುಟ್ಟಿದರೆ ಬಿಸಿಯಾಗಿ, ಗಟ್ಟಿಯಾಗಿ ಹತ್ತುತ್ತದೆ. ಅಲ್ಲಿ ತಿಕ್ಕಬೇಡಿ, ಪೌಡರ್ ಬೇಡ, ನಡುವೆ ತೂತಿರುವ ರಬ್ಬರ್ ಟ್ಯೂಬ್ ಅಂತೂ ಬೇಡವೇ ಬೇಡ, ಅದು ಸುತ್ತಲಿನ ರಕ್ತ ಸಂಚಾರವನ್ನೇ ತಡೆಯುತ್ತದೆ.

ನೀವಂದ ಆಕ್ಸಿಜನ್ ಮೆಷಿನ್, ಅಂದರೆ ಕಾನ್ಸಂಟ್ರೇಟರ್, ಕೊಳ್ಳಲು ಆತುರ ಬೇಡ, ಡಾಕ್ಟರು ಹೇಳಿದಾಗ ಬಾಡಿಗೆಗೆ ತನ್ನಿ. ರಕ್ತದಲ್ಲಿ ಆಮ್ಲಜನಕ ಸರಿಯಿದ್ದೂ ಏದುಸಿರು ಬಿಡುವವರಿಗೆ ಮೆಷಿನ್ನಿಗಿಂತ ಮುಖಕ್ಕೆ ನೇರ ಬೀಸುವ ಟೇಬಲ್ ಫ್ಯಾನ್, ತೆರೆದ ಕಿಟಕಿ, ಮುಂದೆ ದಿಂಬಿಟ್ಟು ಅದರ ಮೇಲೆ ಬಾಗಿ ಕೂರುವುದು ಹೆಚ್ಚು ಹಿತ. ಮೆಷಿನ್ ಇದ್ದರೆ ಕರೆಂಟಿನ ಯೋಚನೆ ಮಾಡಿ. 5 ಲೀಟರಿನದ್ದು ಸುಮಾರು 350 ವಾಟ್ ಎಳೆಯುತ್ತದೆ, 150 ಆಂಪಿಯರ್-ಅವರ್‌ನ ಹೊಸ ಬ್ಯಾಟರಿಯಲ್ಲಿ ಬೇರೆಲ್ಲ ಆರಿಸಿದರೂ ಮೂರು ಗಂಟೆ ಬಂದರೆ ಹೆಚ್ಚು. ಇನ್ವರ್ಟರ್ ಸೈನ್ ವೇವ್ (ಮನೆಯ ಕರೆಂಟಿನಂಥದ್ದೇ ಕರೆಂಟ್ ಕೊಡುವುದು) ಆಗಿರಬೇಕು. ಜೊತೆಗೊಂದು ಬಿ ಟೈಪ್ ಆಕ್ಸಿಜನ್ ಸಿಲಿಂಡರ್ ಇರಲಿ: ಸುಮಾರು 1500 ಲೀಟರ್ ಹಿಡಿಯುತ್ತದೆ, ನಿಮಿಷಕ್ಕೆ 2 ಲೀಟರಿನಂತೆ ಹನ್ನೆರಡು ಗಂಟೆಯ ಲೆಕ್ಕ. ಆ ಕೋಣೆಯಲ್ಲಿ ದೀಪ, ಊದುಬತ್ತಿ, ಕರ್ಪೂರ ಬೇಡ. ಹಿರಿಯರು ಒಪ್ಪುವುದಿಲ್ಲ, ದೇವರ ಮನೆಯಲ್ಲಿ ಹಚ್ಚಿ ಬಾಗಿಲು ಮುಂದೆ ಮಾಡಿ ಅಂತ ಒಪ್ಪಿಸಬೇಕಾಗುತ್ತದೆ.

ಹಂಪಿನಗರ_ನೆರೆಹೊರೆ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಇನ್ನೆರಡು ಪ್ರಶ್ನೆ. ನಾವು ಹೋಗಬೇಕಿರುವ ಒಂದು ಮನೆಯಲ್ಲಿ "ಅಪ್ಪನಿಗೆ ಕ್ಯಾನ್ಸರ್ ಅಂತ ಹೇಳಿಲ್ಲ, ನೀವೂ ಬಾಯಿಬಿಡಬೇಡಿ" ಅಂದಿದ್ದಾರೆ. ಅವರೇ ನಮ್ಮನ್ನು ಕೇಳಿದರೆ? ಕಾಗದಪತ್ರದ ವಿಷಯವೂ ಯಾರಾದರೂ ಹೇಳಿ.

ಕಾಗದಪತ್ರ_ಸಹಾಯ ಉತ್ತರ:

ಎರಡನೆಯದಕ್ಕೆ ಉತ್ತರಿಸುತ್ತೇನೆ. ಮನೆಯಲ್ಲಿ ಸಾವಾದರೆ ಕಾರಣ ಬರೆದು ಸಹಿ ಮಾಡುವ ಡಾಕ್ಟರು ಬೇಕು. ಆಸ್ಪತ್ರೆಯ ಹೊರಗಿನ ಸಾವಿಗೆ ನಮೂನೆ 4ಎ. ರೋಗಿಯನ್ನು ಈಚೆಗೆ ನೋಡಿರದ ಡಾಕ್ಟರು ಸಹಿ ಹಾಕಲು ಹಿಂದೇಟು ಹಾಕುತ್ತಾರೆ, ಅದು ಸರಿಯೇ. ಆದ್ದರಿಂದ ಮನೆಗೆ ಬಂದ ವಾರದಲ್ಲೇ ಹತ್ತಿರದ ಫ್ಯಾಮಿಲಿ ಡಾಕ್ಟರನ್ನು ಕರೆಸಿ, ಡಿಸ್ಚಾರ್ಜ್ ಸಮ್ಮರಿ ತೋರಿಸಿ, "ರಾತ್ರಿ ಎರಡಕ್ಕೆ ಆದರೆ ಬರ್ತೀರಾ, ಬೆಳಿಗ್ಗೆ ಬರ್ತೀರಾ?" ಅಂತ ನೇರವಾಗಿ ಕೇಳಿಡಿ. ಇದೊಂದು ಮಾಡದೇ ಇದ್ದರೆ ಗಾಬರಿಯಲ್ಲಿ 108ಕ್ಕೆ ಫೋನ್ ಮಾಡುತ್ತಾರೆ, ಆಂಬುಲೆನ್ಸ್ ಎಮರ್ಜೆನ್ಸಿಗೆ ಒಯ್ಯುತ್ತದೆ, ಅಲ್ಲಿ ಎದೆ ಒತ್ತುವುದು, ಗಂಟಲಿಗೆ ಟ್ಯೂಬು. ಯಾರಿಗೂ ಬೇಡವಾಗಿದ್ದದ್ದೇ ಆಗುತ್ತದೆ.

ಒಂದು ಫೈಲು ಮಾಡಿ ಟಿವಿ ಸ್ಟ್ಯಾಂಡಿನ ಮೇಲೋ ಎಲ್ಲರಿಗೂ ಕಾಣುವಲ್ಲೋ ಇಡಿಸಿ: ಡಿಸ್ಚಾರ್ಜ್ ಸಮ್ಮರಿ, ರೋಗಿಯ ಆಧಾರ್ ಜೆರಾಕ್ಸ್, ಅಂತ್ಯಕ್ರಿಯೆ ಮುಂದೆ ನಿಂತು ಮಾಡುವವರ ಆಧಾರ್, ಡಾಕ್ಟರ, ಶವವಾಹನದವರ ನಂಬರು. ವಿಲ್ಸನ್ ಗಾರ್ಡನ್, ಬನಶಂಕರಿ, ಹೆಬ್ಬಾಳ ಯಾವ ವಿದ್ಯುತ್ ಚಿತಾಗಾರವಾದರೂ ಡಾಕ್ಟರ ಪತ್ರ, ಆಧಾರ್ ಇಲ್ಲದೆ ಒಳಗೆ ಬಿಡುವುದಿಲ್ಲ. ಹೆಸರಿನ ಕಾಗುಣಿತ ಆಧಾರಿನಲ್ಲಿರುವಂತೆಯೇ ಬರೆಸಿ, ಇಲ್ಲದಿದ್ದರೆ ಪಿಂಚಣಿ, ವಿಮೆ, ಖಾತೆ ಬದಲಾವಣೆಗೆ ತಿಂಗಳುಗಟ್ಟಲೆ ಅಲೆದಾಟ. ಪೇಸ್‌ಮೇಕರ್ ಇದ್ದರೆ ಡಾಕ್ಟರಿಗೆ ಮೊದಲೇ ತಿಳಿಸಿ. ಅದನ್ನು ತೆಗೆಯದೆ ದಹನ ಮಾಡಿದರೆ ಬ್ಯಾಟರಿ ಸಿಡಿಯುತ್ತದೆ. ಮರಣ ನೋಂದಣಿ 21 ದಿನದೊಳಗೆ ಆಗಬೇಕು. ಮನೆಯಲ್ಲಿ ಸಾವಾದಾಗ ತಿಳಿಸುವ ಹೊಣೆ ಮನೆಯ ಯಜಮಾನರದು.

ಲಿವಿಂಗ್ ವಿಲ್ (ಕೊನೆಗಾಲದಲ್ಲಿ ತನಗೆ ಯಾವ ಚಿಕಿತ್ಸೆ ಬೇಡ ಅಂತ ಮೊದಲೇ ಬರೆದಿಡುವ ಪತ್ರ) ಬಗ್ಗೆ ಕೇಳುವವರಿರುತ್ತಾರೆ. ಸುಪ್ರೀಂ ಕೋರ್ಟ್ 2018ರಲ್ಲಿ ಇದಕ್ಕೆ ಮಾನ್ಯತೆ ಕೊಟ್ಟಿತು, 2023ರ ಜನವರಿಯಲ್ಲಿ ಸರಳ ಮಾಡಿತು. ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು, ಮ್ಯಾಜಿಸ್ಟ್ರೇಟ್ ಹತ್ತಿರ ಹೋಗಬೇಕಿಲ್ಲ. ಕರ್ನಾಟಕ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಇದರ ಜಾರಿಗೆ ಸುತ್ತೋಲೆ ಹೊರಡಿಸಿದೆ. ಸ್ವಯಂಸೇವಕರು ದಾರಿ ತೋರಿಸಿದರೆ ಸಾಕು, ನೀವೇ ಸಾಕ್ಷಿ ಹಾಕಬೇಡಿ. ಹಣದ ವ್ಯವಹಾರಕ್ಕೂ ಇದೇ ಮಾತು. ಎಟಿಎಂ ಕಾರ್ಡ್ ಕೊಟ್ಟು "ಸ್ವಲ್ಪ ತೆಗೆದುಕೊಂಡು ಬನ್ನಿ" ಅಂದರೂ ಒಲ್ಲೆ ಅನ್ನಿ.

ನೇತ್ರದಾನದ ಆಸೆಯಿದ್ದರೆ ಸಾವಾದ 6 ಗಂಟೆಯೊಳಗೆ ಆಗಬೇಕು. ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ಫ್ಯಾನ್ ಆರಿಸಿ, ತಲೆಯಡಿ ದಿಂಬು ಕೊಡಿ. ರಕ್ತದ ಕ್ಯಾನ್ಸರ್ ಇದ್ದವರಿಂದ ತೆಗೆದುಕೊಳ್ಳುವುದಿಲ್ಲ, ಬೇರೆ ಹೆಚ್ಚಿನ ಕ್ಯಾನ್ಸರುಗಳಿಗೆ ಅಡ್ಡಿಯಿಲ್ಲ. ಮಿಂಟೋ ಆಸ್ಪತ್ರೆಯಲ್ಲಿ ಸರ್ಕಾರಿ ನೇತ್ರ ಬ್ಯಾಂಕ್ ಇದೆ.

ಗೃಹಭೇಟಿ_ಸಿಸ್ಟರ್:

ಮೊದಲನೆಯದಕ್ಕೆ. ಆ ಯಜಮಾನರು "ನನಗೇನಾಗಿದೆ?" ಅಂತ ಕೇಳಿದರೆ ಸುಳ್ಳೂ ಬೇಡ, ರೋಗದ ಹೆಸರು ಹೇಳುವ ಕೆಲಸವೂ ನಿಮ್ಮದಲ್ಲ. "ನಿಮಗೇನನ್ನಿಸ್ತಿದೆ, ಹೇಳಿ" ಅಂತ ತಿರುಗಿ ಕೇಳಿ ಸುಮ್ಮನೆ ಕೂತ್ಕೊಳ್ಳಿ. ಹೆಚ್ಚಿನವರಿಗೆ ಗೊತ್ತೇ ಇರುತ್ತದೆ, ಮಕ್ಕಳು ಹೆದರುತ್ತಾರೆ ಅಂತ ಅವರು ಸುಮ್ಮನಿರುತ್ತಾರೆ. ಅವರು ಅಂದದ್ದನ್ನು ಮಗನಿಗೂ ಡಾಕ್ಟರಿಗೂ ಅದೇ ಮಾತಿನಲ್ಲಿ ತಿಳಿಸಿ, ಮುಂದಿನದನ್ನು ಡಾಕ್ಟರು ನೋಡಿಕೊಳ್ಳುತ್ತಾರೆ. "ಎಲ್ಲ ಸರಿಹೋಗುತ್ತೆ ಬಿಡಿ" ಅನ್ನುವ ಮಾತು ಮಾತ್ರ ಬೇಡ, ಆಮೇಲೆ ಅವರು ನಿಮ್ಮ ಹತ್ತಿರ ಏನನ್ನೂ ಹೇಳಿಕೊಳ್ಳುವುದಿಲ್ಲ. ನಿಮ್ಮ ವಾಟ್ಸಾಪ್ ಗ್ರೂಪಿನಲ್ಲಿ ರೋಗಿಯ ಹೆಸರು, ಫೋಟೋ ಹಾಕಬೇಡಿ. "2ನೇ ಮನೆ" ಅಂದರೆ ಸಾಕು.

ಕೊನೆಯ ಎರಡು-ಮೂರು ದಿನದ ಲಕ್ಷಣಗಳನ್ನು ಮನೆಯವರಿಗೆ ಮುಂಚೆಯೇ ನರ್ಸ್ ಕೈಲಿ ಹೇಳಿಸಿ. ಹೆಚ್ಚು ಹೊತ್ತು ನಿದ್ದೆ, ಮೂತ್ರ ಕಡಿಮೆ, ಕೈಕಾಲು ತಣ್ಣಗಾಗಿ ಮಂಡಿಯ ಹತ್ತಿರ ನೀಲಿ ಮಚ್ಚೆ, ಉಸಿರು ನಿಂತು ನಿಂತು ಬರುವುದು, ಗಂಟಲಲ್ಲಿ ಗೊರಗೊರ. ಆ ಗೊರಗೊರ ಕೇಳಿದವರಿಗೆ ಸಂಕಟ, ರೋಗಿಗೆ ಅಷ್ಟು ಅರಿವಿರುವುದಿಲ್ಲ. ಮಗ್ಗುಲಿಗೆ ತಿರುಗಿಸಿ ತಲೆ ಸ್ವಲ್ಪ ಎತ್ತರ ಮಾಡಿದರೆ ಕಮ್ಮಿಯಾಗುತ್ತದೆ, ಸಾಲದಿದ್ದರೆ ಡಾಕ್ಟರು ಇಂಜೆಕ್ಷನ್ ಬರೆಯುತ್ತಾರೆ. ಆ ಹಂತದಲ್ಲಿ ಹಸಿವೇ ಇರುವುದಿಲ್ಲ. "ಹಸ್ಕೊಂಡು ಹೋಗಬಾರದು" ಅಂತ ಗಂಜಿ ಸುರಿದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಗಂಗಾಜಲ, ತುಳಸಿ ನೀರು ಬಿಡಲು ನೆಂಟರು ಸಾಲುಗಟ್ಟುತ್ತಾರೆ, ಅವರನ್ನು ತಡೆಯಲೂ ಆಗದು. ಮುಖವನ್ನು ಪಕ್ಕಕ್ಕೆ ತಿರುಗಿಸಿ, ಚಮಚದ ಬದಲು ಒದ್ದೆ ಹತ್ತಿಯಲ್ಲಿ ತುಟಿಗೆ ಒಂದೆರಡು ಹನಿ ಮುಟ್ಟಿಸಲು ಹೇಳಿಕೊಡಿ, ಎಲ್ಲರಿಗೂ ಸಮಾಧಾನ.

ಉಳಿದ ಮಾರ್ಫಿನ್ ಮಾತ್ರೆಗಳನ್ನು ಪಕ್ಕದ ಬೀದಿಯ ಇನ್ನೊಬ್ಬ ರೋಗಿಗೆ ಕೊಡೋಣ ಅಂತ ಯಾರಾದರೂ ಅಂದೇ ಅನ್ನುತ್ತಾರೆ. ಅದು ಕಾನೂನಿಗೂ ವಿರುದ್ಧ, ಆ ರೋಗಿಯ ಜೀವಕ್ಕೂ ಅಪಾಯ. ಎಣಿಸಿ, ಕೊಟ್ಟ ಆಸ್ಪತ್ರೆಗೇ ಮನೆಯವರಿಂದ ವಾಪಸು ಕೊಡಿಸಿ. ನಿಮ್ಮ ಬ್ಯಾಗಿನಲ್ಲಿ ಒಂದು ಮಾತ್ರೆಯೂ ಇರಕೂಡದು. ತಿಂಗಳು ಕಳೆದ ಮೇಲೆ ಒಮ್ಮೆ ಆ ಮನೆಗೆ ಹೋಗಿಬನ್ನಿ. ಕಮೋಡ್ ಕುರ್ಚಿ ವಾಪಸು ತರುವ ನೆಪ ಹೇಗೂ ಇರುತ್ತದಲ್ಲ.