ಎಂಡಿ ಪೆಥಾಲಜಿ ಆದ ಮೇಲೆ ಮಾಲಿಕ್ಯುಲರ್ ಫೆಲೋಶಿಪ್: ಮಾಡಿದವರು ಸ್ವಲ್ಪ ಹೇಳಿ

ಕೇಳಿದವರು, ಜಯನಗರ
ಎಂಡಿ ಪೆಥಾಲಜಿ ಮುಗಿದು ಒಂದು ವರ್ಷ ಆಯಿತು. ದಿನಾ ಸ್ಲೈಡ್ ನೋಡಿ ರಿಪೋರ್ಟ್ ಬರೆಯುತ್ತೇನೆ. ಕೊನೆಗೆ "ಮಾಲಿಕ್ಯುಲರ್ ಟೆಸ್ಟ್ ಮಾಡಿಸಿ" ಅಂತ ಒಂದು ಸಾಲು ಸೇರಿಸುತ್ತೇನೆ. ಡಿಎನ್‌ಎ ನೋಡುವ ಆ ಟೆಸ್ಟ್ ಒಳಗೆ ಏನು ನಡೆಯುತ್ತದೆ ಅಂತ ನನಗೇ ಸರಿಯಾಗಿ ಗೊತ್ತಿಲ್ಲ. ಮಾಲಿಕ್ಯುಲರ್ ಜೆನೆಟಿಕ್ ಪೆಥಾಲಜಿಯಲ್ಲಿ ಫೆಲೋಶಿಪ್, ಅಂದರೆ ಎಂಡಿ ನಂತರದ ವಿಶೇಷ ತರಬೇತಿ, ಮಾಡುವ ಆಸೆ. ಅಮೆರಿಕಕ್ಕೇ ಹೋಗಬೇಕಾ, ಬೆಂಗಳೂರಲ್ಲೇ ಆಗುತ್ತಾ? ಮಗುವಿಗೆ ಈಗ ಎರಡು ವರ್ಷ.

ಮ್ಯಾಚ್ ಆಗದವನು
ಅಮೆರಿಕದ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಅಲ್ಲಿ ಈ ಫೆಲೋಶಿಪ್ ಒಂದೇ ವರ್ಷ. ಪೆಥಾಲಜಿ ಬೋರ್ಡ್, ಮೆಡಿಕಲ್ ಜೆನೆಟಿಕ್ಸ್ ಬೋರ್ಡ್ ಎರಡೂ ಸೇರಿ ಪರೀಕ್ಷೆ ನಡೆಸುತ್ತವೆ, 2001ರಿಂದ. ಒಂದೇ ವರ್ಷ ಅಂತ ಖುಷಿ ಪಡಬೇಡಿ. ನಮ್ಮ ಎಂಡಿ ತೋರಿಸಿ ನೇರವಾಗಿ ಆ ಪರೀಕ್ಷೆಗೆ ಕೂರಲು ಆಗುವುದಿಲ್ಲ. ಮೊದಲು ಯುಎಸ್‌ಎಂಎಲ್‌ಇ (ಅಲ್ಲಿನ ಡಾಕ್ಟರ್ ಲೈಸೆನ್ಸ್ ಪರೀಕ್ಷೆ), ಆಮೇಲೆ ಮತ್ತೆ ರೆಸಿಡೆನ್ಸಿ, ಅಂದರೆ ನಮ್ಮ ಎಂಡಿಯಂಥದ್ದೇ ತರಬೇತಿ. ಅನಾಟಮಿಕ್ ಪೆಥಾಲಜಿ, ಕ್ಲಿನಿಕಲ್ ಪೆಥಾಲಜಿ ಎರಡೂ ಸೇರಿದರೆ ಅದೇ ನಾಲ್ಕು ವರ್ಷ. ಅಂದರೆ ನಿಮ್ಮ ಮಗು ಎರಡನೇ ಕ್ಲಾಸಿಗೆ ಹೋಗುವ ಹೊತ್ತಿಗೆ ನೀವು ಫೆಲೋ! ಅಲ್ಲೇ ನೆಲೆಸುವ ಮನಸ್ಸಿದ್ದರೆ ಸರಿ. ಬರೀ ಈ ವಿದ್ಯೆ ಕಲಿಯೋಕೆ ಅಂತಾದರೆ ಸುತ್ತು ಜಾಸ್ತಿ. ನಾನು ಯುಎಸ್‌ಎಂಎಲ್‌ಇಯ ಎರಡು ಸ್ಟೆಪ್ ಬರೆದು, ಮ್ಯಾಚ್ ಆಗದೆ, ಅಂದರೆ ರೆಸಿಡೆನ್ಸಿ ಸೀಟು ಸಿಗದೆ, ಬಂದವನು. ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದೇನೆ ಅಂದುಕೊಂಡರೂ ಪರವಾಗಿಲ್ಲ.

ಎರಡು ಕಡೆ ಕಲಿತವಳು
ಡಾಕ್ಟ್ರೇ, ನಾನು ಇಲ್ಲೇ ಮಾಡಿದ್ದು. ಒಂದಲ್ಲ, ಎರಡು ಸಲ.

ಮೊದಲ ಜಾಗದ ಹೆಸರು ಬೇಡ. ಬ್ರೋಷರ್ ನೋಡಿ ಸೇರಿದೆ. ಆರು ತಿಂಗಳು ಕಂಪ್ಯೂಟರ್ ಮುಂದೆ ಕೂತು, ಸಾಫ್ಟ್‌ವೇರ್ ಕೊಟ್ಟ ವೇರಿಯೆಂಟ್‌ಗಳನ್ನು, ಅಂದರೆ ಡಿಎನ್‌ಎಯಲ್ಲಿನ ವ್ಯತ್ಯಾಸಗಳನ್ನು, ರಿಪೋರ್ಟ್ ಟೆಂಪ್ಲೇಟ್‌ಗೆ ಅಂಟಿಸಿದ್ದೇ ಕೆಲಸ. ಪಿಪೆಟ್ ಮುಟ್ಟಲಿಲ್ಲ. ಕೇಳಿದರೆ "ನಿಮಗ್ಯಾಕೆ ಮೇಡಂ, ಟೆಕ್ನಿಷಿಯನ್ ಇದ್ದಾರಲ್ಲ" ಅಂದರು. ಬಿಟ್ಟು ಬಂದೆ.

ಎರಡನೇ ಕಡೆ ಮೊದಲ ದಿನವೇ ಬ್ಲಾಕ್‌ನಿಂದ (ಮೇಣದಲ್ಲಿ ಕೂರಿಸಿದ ಬಯಾಪ್ಸಿ ತುಂಡಿನಿಂದ) ಡಿಎನ್‌ಎ ತೆಗೆಯಲು ನಿಲ್ಲಿಸಿದರು. ಎರಡು ವಾರ ಅದೇ. ಮೂರನೇ ವಾರ ಒಂದು ಲಂಗ್ ಬಯಾಪ್ಸಿ ಬಂತು, ಅಕ್ಕಿ ಕಾಳಿನಷ್ಟು ತುಂಡು. ಡಿಎನ್‌ಎ ಅಕ್ಷರಗಳನ್ನು ಓದುವ ಹಳೆಯ ವಿಧಾನವಾದ ಸ್ಯಾಂಗರ್ ಸೀಕ್ವೆನ್ಸಿಂಗ್‌ನಲ್ಲಿ ಇಜಿಎಫ್‌ಆರ್ ಜೀನ್‌ನ ಮ್ಯುಟೇಷನ್ ನೆಗೆಟಿವ್. ನಮ್ಮ ಮೇಡಂ ರಿಪೋರ್ಟ್ ಪಕ್ಕಕ್ಕಿಟ್ಟು "ಸ್ಲೈಡ್ ತಗೊಂಡು ಬಾ" ಅಂದರು. ನೋಡಿದರೆ ಟ್ಯೂಮರ್ ಒಂದು ಅಂಚಿನಲ್ಲಿ ಮಾತ್ರ, ಉಳಿದದ್ದೆಲ್ಲ ಲಿಂಫೊಸೈಟ್, ಅಂದರೆ ಬಿಳಿ ರಕ್ತಕಣ. ಟ್ಯೂಮರ್ ಶೇ. 20 ಇದ್ದರೆ, ಮ್ಯುಟೇಷನ್ ಜೋಡಿಯಲ್ಲಿ ಒಂದು ಪ್ರತಿಯಲ್ಲಷ್ಟೇ ಇರುವುದರಿಂದ ಡಿಎನ್‌ಎ ಲೆಕ್ಕದಲ್ಲಿ ಅದು ಶೇ. 10. ಸ್ಯಾಂಗರ್ ಕಣ್ಣಿಗೆ ಬೀಳಬೇಕಾದರೆ ಶೇ. 15–20 ಬೇಕು. ಟ್ಯೂಮರ್ ಇರುವಲ್ಲಿ ಮಾರ್ಕರ್‌ನಿಂದ ಸುತ್ತು ಹಾಕಿ, ಅಷ್ಟನ್ನೇ ಬ್ಲೇಡ್‌ನಲ್ಲಿ ಕೆರೆದು ಮತ್ತೆ ಹಾಕಿದೆವು. ಇಜಿಎಫ್‌ಆರ್‌ನಲ್ಲಿ ಎಕ್ಸಾನ್ 19 ಡಿಲೀಷನ್ (ಜೀನ್‌ನ ಒಂದು ತುಣುಕು ಬಿಟ್ಟುಹೋದ ಮ್ಯುಟೇಷನ್) ಸಿಕ್ಕಿತು. ಆ ರೋಗಿಗೆ ಕೀಮೋ ಬದಲು ಆ ಮ್ಯುಟೇಷನ್‌ಗೇ ಇರುವ ಮಾತ್ರೆ ಶುರುವಾಯಿತು.

ಅದನ್ನು ಮಷೀನ್ ಹಿಡಿಯಲಿಲ್ಲ, ಸ್ಲೈಡ್ ಓದಲು ಬರುವವರು ಹಿಡಿದರು. ಹಾಗಾಗಿ ಇಂಟರ್ವ್ಯೂಗೆ ಹೋದಾಗ ನೀವೇ ಕೇಳಿ: ನನ್ನನ್ನು ಬೆಂಚ್‌ನಲ್ಲಿ ನಿಲ್ಲಿಸುತ್ತೀರಾ? ಸ್ಲೈಡೂ ಸೀಕ್ವೆನ್ಸೂ ಒಂದೇ ಟೇಬಲ್ ಮೇಲೆ ಇರುತ್ತಾ? ಫೇಲ್ ಆದ ರನ್‌ಗಳನ್ನು ತೋರಿಸುತ್ತೀರಾ? ಮೂರನೇ ಪ್ರಶ್ನೆಗೆ "ನಮ್ಮಲ್ಲಿ ಫೇಲ್ ಆಗಲ್ಲ" ಅಂದರೆ ಎದ್ದು ಬನ್ನಿ. ರಾಜೀವ್ ಗಾಂಧಿ ಯೂನಿವರ್ಸಿಟಿ ಮಾನ್ಯತೆ ಇದೆಯಾ ಅಂತಲೂ ನೋಡಿ, ಆದರೆ ಅದೊಂದನ್ನೇ ನೋಡಿ ಸೇರಬೇಡಿ. ನರರೋಗದ ಕಡೆ ಒಲವಿದ್ದರೆ ಹೊಸೂರು ರಸ್ತೆಯ ನಿಮ್ಹಾನ್ಸ್ ಕಡೆ ವಿಚಾರಿಸಿ. 2016ರ ಡಬ್ಲ್ಯುಎಚ್‌ಒ ವರ್ಗೀಕರಣದಿಂದ ಮಿದುಳಿನ ಗಡ್ಡೆಗೆ ಹೆಸರಿಡುವಾಗ ಐಡಿಎಚ್, 1ಪಿ/19ಕ್ಯೂ ಅನ್ನುವ ಡಿಎನ್‌ಎ ಬದಲಾವಣೆಗಳನ್ನೆಲ್ಲ ನೋಡಲೇಬೇಕು. 2021ರದ್ದರಲ್ಲಿ ಅದು ಇನ್ನೂ ಜಾಸ್ತಿಯಾಗಿದೆ.

ಲ್ಯಾಬ್ ಹುಡುಗ
ನಾನು ಡಾಕ್ಟರ್ ಅಲ್ಲ, ಬಯೋಟೆಕ್ ಎಂಎಸ್ಸಿ. ಬೊಮ್ಮಸಂದ್ರ ಕಡೆ ಕೆಲಸ. ಫೆಲೋಗಳು ಬಂದಾಗ ನಾವೇ ಮೊದಲು ಬೈಯುವುದು. ಪಿಸಿಆರ್ (ಡಿಎನ್‌ಎಯ ಲೆಕ್ಕವಿಲ್ಲದಷ್ಟು ಪ್ರತಿ ಮಾಡುವುದು) ಆದ ರೂಮಿನಿಂದ ಅದೇ ಕೋಟ್‌ನಲ್ಲಿ ಪಿಸಿಆರ್‌ಗೆ ಮುಂಚಿನ ರೂಮಿಗೆ ಬರುತ್ತಾರೆ. ಕೋಟಿಗಂಟಿದ ಡಿಎನ್‌ಎ ಮುಂದಿನ ರೋಗಿಯ ಟ್ಯೂಬ್‌ಗೆ ಬಿದ್ದರೆ ಇಲ್ಲದ ಮ್ಯುಟೇಷನ್ ಬರುತ್ತದೆ. ಇನ್ನೊಂದು, ಹಸಿರು ಮುಚ್ಚಳದ ಟ್ಯೂಬ್‌ನಲ್ಲಿ ರಕ್ತ ಕಳಿಸಬೇಡಿ ಮೇಡಂ. ಅದರಲ್ಲಿ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಇರುತ್ತದೆ, ಪಿಸಿಆರ್ ನಡೆಯೋಕೆ ಬಿಡಲ್ಲ. ನೇರಳೆ ಮುಚ್ಚಳದ್ದರಲ್ಲಿ ಕಳಿಸಿ, ಅದರಲ್ಲಿ ಹೆಪಾರಿನ್ ಬದಲು ಇಡಿಟಿಎ ಇರುತ್ತದೆ. ಮೂಳೆ ತುಂಡು ಮೆತ್ತಗಾಗಲಿ ಅಂತ ನೈಟ್ರಿಕ್ ಆ್ಯಸಿಡ್‌ಗೆ ಹಾಕಿಟ್ಟು ಆಮೇಲೆ ನಮಗೆ ಕಳಿಸುತ್ತಾರೆ. ಅದರಲ್ಲಿ ಡಿಎನ್‌ಎ ಚೂರುಚೂರು ಆಗಿರುತ್ತದೆ. ಅಲ್ಲೂ ಆ್ಯಸಿಡ್ ಬದಲು ಇಡಿಟಿಎ ಬಳಸಿ. ನಿಧಾನ ಆಗುತ್ತದೆ, ಆದರೆ ಏನಾದರೂ ಉಳಿದಿರುತ್ತದೆ.

ಮಕ್ಕಳ ಡಾಕ್ಟ್ರು
ಎಲ್ಲರೂ ಕ್ಯಾನ್ಸರ್ ಬಗ್ಗೆಯೇ ಹೇಳಿದಿರಿ. ಈ ಫೆಲೋಶಿಪ್ ಹೆಸರಲ್ಲೇ ಜೆನೆಟಿಕ್ ಇದೆ ಅಲ್ವಾ. ನಾನು ಪೀಡಿಯಾಟ್ರಿಕ್ಸ್‌ನಿಂದ ಡಿಎಂ (ಎಂಡಿ ನಂತರದ ಸೂಪರ್ ಸ್ಪೆಷಾಲಿಟಿ ಡಿಗ್ರಿ) ಮೆಡಿಕಲ್ ಜೆನೆಟಿಕ್ಸ್‌ಗೆ ಹೋದವಳು. ಆ ದಾರಿ ಮೆಡಿಸಿನ್, ಮಕ್ಕಳ ವಿಭಾಗ, ಹೆರಿಗೆ-ಸ್ತ್ರೀರೋಗ ವಿಭಾಗದವರಿಗೆ. ಪೆಥಾಲಜಿಯವರಿಗೆ ಡಿಎಂ ಬೇಕೆಂದರೆ ಆಂಕೋಪೆಥಾಲಜಿ (ಕ್ಯಾನ್ಸರ್), ಹೆಮಟೋಪೆಥಾಲಜಿ (ರಕ್ತದ ಕಾಯಿಲೆ) ಇವೆ, ಮೂರು ವರ್ಷ.

ನೀವು ಎಲ್ಲೇ ಸೇರಿ, ವಾರಕ್ಕೊಂದು ದಿನ ಕೌನ್ಸೆಲಿಂಗ್ ಒಪಿಡಿಯಲ್ಲಿ ಕೂರಿ. ನಮ್ಮ ಕಡೆ ಸೋದರಮಾವನ ಜೊತೆ ಮದುವೆ ಇನ್ನೂ ಇದೆ. "ಸಂಬಂಧದಲ್ಲಿ ಮದುವೆಯಾ?" ಅಂದರೆ "ಇಲ್ಲ ಮೇಡಂ" ಅಂತಾರೆ. "ಮದುವೆಗೆ ಮುಂಚೆ ಇವರನ್ನ ಏನಂತ ಕರೀತಿದ್ರಿ?" ಅಂದರೆ ನಕ್ಕು "ಮಾವ" ಅಂತಾರೆ. ಆ ಒಂದು ಮಾತಿನಿಂದ ಮಗುವಿನ ಸೀಕ್ವೆನ್ಸ್ ಓದುವ ರೀತಿಯೇ ಬದಲಾಗುತ್ತದೆ. ಅಪ್ಪ, ಅಮ್ಮ ಎರಡೂ ಕಡೆಯಿಂದ ಬಂದ ಒಂದೇ ವೇರಿಯೆಂಟನ್ನು ಮೊದಲು ಹುಡುಕುತ್ತೇವೆ. ಮತ್ತೆ ವೇರಿಯೆಂಟ್‌ಗಳಿಗೆ 2015ರಲ್ಲಿ ಎಸಿಎಂಜಿ (ಅಮೆರಿಕದ ಮೆಡಿಕಲ್ ಜೆನೆಟಿಕ್ಸ್ ಸಂಸ್ಥೆ) ಕೊಟ್ಟ ಐದು ದರ್ಜೆಗಳನ್ನು ಬಾಯಿಪಾಠ ಮಾಡಿದರೆ ಸಾಲದು. ನಡುವಿನ ದರ್ಜೆಯನ್ನು, ಅಂದರೆ ಅರ್ಥ ತಿಳಿಯದ ವೇರಿಯೆಂಟನ್ನು, ಗಾಬರಿಯಾದ ತಾಯಿಗೆ ಕನ್ನಡದಲ್ಲಿ ಹೇಳೋಕೆ ಕಲಿಯಬೇಕು. ನನಗೆ ಅದಕ್ಕೇ ಒಂದು ವರ್ಷ ಹಿಡಿಯಿತು.

ಕೇಳಿದವರು, ಜಯನಗರ
ಎಲ್ಲರಿಗೂ ಥ್ಯಾಂಕ್ಸ್. ಅಮೆರಿಕ ಬಿಟ್ಟೆ. ಮುಂದಿನ ವಾರ ಎರಡು ಕಡೆ ಹೋಗಿ ಆ ಮೂರೂ ಪ್ರಶ್ನೆ ಕೇಳಿ ಬರುತ್ತೇನೆ. ಇದನ್ನೆಲ್ಲ ಓದುತ್ತಿದ್ದಾಗಲೇ ನೆನಪಾಯಿತು, ಇವತ್ತು ಸಂಜೆ ಒಂದು ಬೋನ್ ಬಯಾಪ್ಸಿ ಬಂದಿದೆ. ಲ್ಯಾಬ್‌ಗೆ ಫೋನ್ ಮಾಡಿದೆ. ಇನ್ನೂ ಆ್ಯಸಿಡ್‌ಗೆ ಹಾಕಿಲ್ಲವಂತೆ, ಸದ್ಯ! ಇಡಿಟಿಎ ಇದೆಯಾ ಅಂದರೆ "ಅದ್ಯಾಕೆ ಮೇಡಂ" ಅಂದರು. ನಾಳೆ ತರಿಸುತ್ತೇನೆ, ಅಲ್ಲಿಯವರೆಗೆ ಫಾರ್ಮಾಲಿನ್‌ನಲ್ಲೇ ಇರಲಿ ಅಂತ ಹೇಳಿದ್ದೇನೆ.