ಗ್ರಾಹಕರಿಗೆ ಕಳಿಸುವ ಮೇಲ್ ಸ್ಪ್ಯಾಮ್‌ಗೆ ಬೀಳ್ತಿದೆ, ಏನು ಮಾಡೋದು?

ಶಿರಸಿ ಮಿಡಿ:
ನಮ್ಮದು ಅಪ್ಪೆಮಿಡಿ ಉಪ್ಪಿನಕಾಯಿ, ಜೇನುತುಪ್ಪದ ಸಣ್ಣ ವ್ಯಾಪಾರ. ತಿಂಗಳಿಗೊಮ್ಮೆ ಗ್ರಾಹಕರಿಗೆ ಮೇಲ್ ಕಳಿಸುತ್ತೇವೆ, ಎಲ್ಲರೂ ತಾವಾಗಿಯೇ ವಿಳಾಸ ಕೊಟ್ಟವರು. ಆದರೂ ಸೀದಾ ಸ್ಪ್ಯಾಮ್‌ಗೆ ಹೋಗುತ್ತಿದೆ. ಕಳಿಸೋದು ಒಂದು ಮೇಲಿಂಗ್ ಸೇವೆಯಿಂದ, ಕಳಿಸಿದವರ ಜಾಗದಲ್ಲಿ ನಮ್ಮ ಜಿಮೇಲ್ ವಿಳಾಸ ಇದೆ.

ಕಾರವಾರ ಕಡಲು:
ಅಲ್ಲೇ ಇದೆ ನೋಡಿ ತೊಂದರೆ. ಬೇರೆ ಸರ್ವರ್‌ನಿಂದ ಹೊರಟ ಮೇಲ್ ಜಿಮೇಲ್ ಹೆಸರು ಹೇಳಿಕೊಂಡು ಬಂದರೆ ಗೂಗಲ್ ನಂಬೋದಾದರೂ ಹೇಗೆ? ಸ್ವಂತ ಡೊಮೇನ್ (ವಿಳಾಸದಲ್ಲಿ @ ಆದಮೇಲೆ ಬರುವ ನಿಮ್ಮದೇ ಹೆಸರು) ತಗೊಳ್ಳಿ, ಅದರ ಡಿಎನ್‌ಎಸ್‌ನಲ್ಲಿ, ಅಂದರೆ ಡೊಮೇನ್‌ನ ವಿವರ ಬರೆದಿಡುವ ಜಾಗದಲ್ಲಿ, ಎಸ್‌ಪಿಎಫ್ (ನಿಮ್ಮ ಹೆಸರಲ್ಲಿ ಯಾವ ಸರ್ವರ್ ಕಳಿಸಬಹುದು ಅನ್ನುವ ಪಟ್ಟಿ), ಡಿಕಿಮ್ (ಮೇಲ್‌ನ ಡಿಜಿಟಲ್ ಸಹಿ), ಡಿಮಾರ್ಕ್ (ಇವು ತಾಳೆಯಾಗದ ಮೇಲನ್ನು ಏನು ಮಾಡಬೇಕು ಅನ್ನುವ ಸೂಚನೆ) ಮೂರನ್ನೂ ಹಾಕಿ. ದಿನಕ್ಕೆ 5000ಕ್ಕಿಂತ ಜಾಸ್ತಿ ಕಳಿಸುವವರಿಗೆ 2024ರ ಫೆಬ್ರವರಿಯಿಂದ ಜಿಮೇಲ್ ಮೂರನ್ನೂ ಕಡ್ಡಾಯ ಮಾಡಿದೆ, ನಿಮ್ಮಂಥ ಸಣ್ಣವರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ಬೇಕೇ ಬೇಕು.

ಕುಮಟಾ ಪೇಟೆ:
ಅಷ್ಟೇ ಸಾಲದು. ‘ಇನ್ನು ಮೇಲ್ ಬೇಡ’ ಅನ್ನುವ ಲಿಂಕ್ ಕಣ್ಣಿಗೆ ಕಾಣುವಂತಿರಲಿ. ಮೂಲೆಯಲ್ಲಿ ಬಚ್ಚಿಟ್ಟರೆ ಜನ ಸುಮ್ನೆ ಸ್ಪ್ಯಾಮ್ ಬಟನ್ ಒತ್ತುತ್ತಾರೆ, ಆ ದೂರು 0.3% ಮುಟ್ಟಬಾರದು ಅನ್ನುತ್ತದೆ ಗೂಗಲ್. ವರ್ಷಗಟ್ಟಲೆ ತೆರೆಯದವರನ್ನು ಪಟ್ಟಿಯಿಂದ ತೆಗೆದುಬಿಡಿ. ಬೇಜಾರಾಗುತ್ತೆ, ಆದರೂ.

ಶಿರಸಿ ಮಿಡಿ:
ಡೊಮೇನ್ ತಗೊಂಡ ಕೂಡಲೇ ಇಡೀ ಪಟ್ಟಿಗೆ ಕಳಿಸಬಹುದಾ?

ಕಾರವಾರ ಕಡಲು:
ಬೇಡ ಮಾರಾಯ್ರೆ. ಮೊದಲು ಖಾಯಂ ಓದುವವರಿಗೆ ಕಳಿಸಿ, ಆಮೇಲೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ.