ನುಡಿ ಪರಿವರ್ತಕದ ಹಳೇ ಕೋಡ್ ತೆಗೆಯಲೋ, ಬಿಡಲೋ?

ಪ್ರಶ್ನೆ
ನುಡಿ ಫಾಂಟಿನ ಹಳೇ ಪಠ್ಯವನ್ನು ಯೂನಿಕೋಡಿಗೆ ತರುವ ಸಣ್ಣ ಓಪನ್ ಸೋರ್ಸ್ ಪೈಥಾನ್ ಲೈಬ್ರರಿಯೊಂದನ್ನು ನೋಡಿಕೊಳ್ಳುತ್ತಿದ್ದೇನೆ. ಮೂಲ ಬರೆದವರು ಬಿಟ್ಟು ಬಹಳ ಕಾಲವಾಯಿತು. ಅದರಲ್ಲೊಂದು ಫೈಲಿದೆ, ಉದ್ದಕ್ಕೂ ಒಂದಕ್ಷರ ತೆಗೆದು ಇನ್ನೊಂದು ಹಾಕುವ ರಿಪ್ಲೇಸ್ ಮೇಲೆ ರಿಪ್ಲೇಸ್. ಎರಡು ಸಾಲು ಹಿಂದುಮುಂದಾದರೆ 'ಕಾರ್ಯ' ಹೋಗಿ 'ಕಾಯರ್' ಆಗುತ್ತದೆ. ಟೆಸ್ಟ್ ಇಲ್ಲ, ಕಾಮೆಂಟೂ ಇಲ್ಲ. ಅದರ ಬದಲಿಗೆ ಹೊಸ ಮಾಡ್ಯೂಲ್ ಬರೆದಿದ್ದೇನೆ. ಹಳೇದನ್ನು ಅಳಿಸುವ ಮನಸ್ಸಿದೆ, ಆದರೆ ಯಾರು ಬಳಸುತ್ತಿದ್ದಾರೋ ತಿಳಿಯುವ ದಾರಿಯಿಲ್ಲ. ಏನು ಮಾಡಲಿ?

ಉತ್ತರ 1
ಅಳಿಸಿಬಿಡಿ ಸರ್, ಬೇಕಾದರೆ ಹಳೇ ಆವೃತ್ತಿಗಳನ್ನೆಲ್ಲ ಇಟ್ಟುಕೊಳ್ಳುವ ಗಿಟ್‌ನಲ್ಲಿ ಇದ್ದೇ ಇರುತ್ತದೆ. 2014ರಲ್ಲಿ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ದೋಷ ಬಯಲಾದಮೇಲೆ ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂನವರು, ಇಂಟರ್ನೆಟ್ ಸಂಪರ್ಕವನ್ನು ಗೂಢಲಿಪಿಯಲ್ಲಿ ಕಾಯುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯನ್ನು ಲಿಬ್ರೆಎಸ್‌ಎಸ್‌ಎಲ್ ಎಂದು ಕವಲೊಡೆಸಿ, ಮೊದಲ ವಾರದಲ್ಲೇ ಸುಮಾರು 90,000 ಸಾಲು ಕಿತ್ತೆಸೆದರು.

ಉತ್ತರ 2
ಆ ಉದಾಹರಣೆ ಅರ್ಧ ಮಾತ್ರ ಸರಿ. ಹಾರ್ಟ್‌ಬ್ಲೀಡ್ ದೋಷ ಇದ್ದದ್ದು 2012ರ 1.0.1 ಆವೃತ್ತಿಯಲ್ಲಿ ಬಂದ ಹೊಸ ಕೋಡಿನಲ್ಲಿ. ಹಳೇ ಕೋಡಿನ ಪಾಲು ಬೇರೆ. ಕೆಲವು ಸಿಸ್ಟಂಗಳಲ್ಲಿ ಮೆಮೊರಿ ಸಿಗುವುದು ನಿಧಾನ ಎಂದು ಓಪನ್‌ಎಸ್‌ಎಸ್‌ಎಲ್ ತನ್ನದೇ ಫ್ರೀಲಿಸ್ಟ್, ಅಂದರೆ ಮರುಬಳಕೆಗೆ ಎತ್ತಿಟ್ಟ ಮೆಮೊರಿ ತುಂಡುಗಳ ಪಟ್ಟಿ, ಇಟ್ಟುಕೊಂಡಿತ್ತು. ಬಳಸಿ ಮುಗಿದ ಬಫರನ್ನು (ಮೆಮೊರಿ ತುಂಡನ್ನು) ಸಿಸ್ಟಂಗೆ ಒಪ್ಪಿಸುತ್ತಲೇ ಇರಲಿಲ್ಲ, ಹಾಗಾಗಿ ಓಪನ್‌ಬಿಎಸ್‌ಡಿಯಲ್ಲಿ ಮೆಮೊರಿ ಹಂಚುವ ಮ್ಯಾಲಕ್‌ನಲ್ಲಿದ್ದ ರಕ್ಷಣೆಗೆ ಬೆಲೆ ಇಲ್ಲದಾಯಿತು. ಫ್ರೀಲಿಸ್ಟ್ ಆಫ್ ಮಾಡುವ ಆಯ್ಕೆ ಇತ್ತು. ಮಾಡಿದರೆ ಸಂಪರ್ಕವೇ ಕಡಿಯುತ್ತಿತ್ತು! ಬಿಟ್ಟುಕೊಟ್ಟ ಬಫರು ಒಳಗಿನದರ ಸಮೇತ ಮರಳಿ ಸಿಗುತ್ತದೆಂದು ಇನ್ನೆಲ್ಲೋ ಒಂದು ಕೋಡು ನಂಬಿಕೊಂಡು ಕೂತಿತ್ತು. ಕೆಟ್ಟ ಕೋಡನ್ನು ಇಟ್ಟುಕೊಂಡರೂ ಕಷ್ಟ, ಕಣ್ಣುಮುಚ್ಚಿ ಕಿತ್ತರೂ ಕಷ್ಟ ಎನ್ನುವುದು ಇದಕ್ಕೇ.

ನಿಮ್ಮ ಫೈಲು ಹೋಗಲೇಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದರಲ್ಲಿ ಯಾರೋ ವರ್ಷಗಟ್ಟಲೆ ಪಠ್ಯ ನೋಡಿ ಸೇರಿಸಿದ ತಿಳಿವಳಿಕೆ ಇದೆ, ಅದು ಹೋಗಬಾರದು. ನುಡಿಯಲ್ಲಿ ಅರ್ಕಾವತ್ತು ಕೊನೆಗೆ ಬರುತ್ತದೆ, ಯೂನಿಕೋಡಿನಲ್ಲಿ ರ್ ಮೊದಲು ಬರಬೇಕು. 'ಕಾರ್ಯ'ಕ್ಕೆ ಒಂದಕ್ಷರ ದಾಟಿದರೆ ಸಾಕು. 'ದೈರ್ಘ್ಯ'ದಲ್ಲಿ ಯ ಒತ್ತನ್ನೂ ಘ ಅನ್ನೂ ಎರಡನ್ನೂ ದಾಟಬೇಕು, ಇಲ್ಲದಿದ್ದರೆ 'ದೈಘ್ರ್ಯ' ಆಗುತ್ತದೆ. 'ಅರ್ಘ್ಯ', 'ಮರ್ತ್ಯ' ಕೂಡ ಹಾಗೇ. ಅರ್ಥವಿಲ್ಲದಂತೆ ಕಾಣುವ ಎಷ್ಟೋ ರಿಪ್ಲೇಸ್ ಸಾಲುಗಳು ಇಂಥವಕ್ಕೇ ಇದ್ದಾವು. ನಿಜವಾದ ಪಠ್ಯವನ್ನು ಹಳೇ ಫೈಲು, ಹೊಸ ಮಾಡ್ಯೂಲ್ ಎರಡರಲ್ಲೂ ಹಾಯಿಸಿ, ಎಲ್ಲೆಲ್ಲಿ ವ್ಯತ್ಯಾಸ ಬಂತೋ ಒಂದೊಂದನ್ನೂ ಕಣ್ಣಾರೆ ನೋಡಿ ಟೆಸ್ಟ್ ಮಾಡಿಕೊಳ್ಳಿ. ಆಮೇಲೆ ಅಳಿಸಿ.

ಗಡುವೂ ಕೊಡಿ. ಲಿನಕ್ಸ್‌ನವರು ರೈಸರ್‌ಎಫ್‌ಎಸ್ ಎಂಬ ಹಳೇ ಫೈಲ್ ಸಿಸ್ಟಂ ಹೋಗಲಿದೆ ಎಂದು 2022ರ 5.18 ಆವೃತ್ತಿಯಲ್ಲೇ ಸಾರಿದರು, ತೆಗೆದದ್ದು 2025ರ ಜನವರಿಯ 6.13ರಲ್ಲಿ.

ಉತ್ತರ 3
ಬಳಸುವವರು ಇಲ್ಲಿದ್ದೇವೆ ಸರ್. ನಮ್ಮದು ವಾರಪತ್ರಿಕೆ. ಹಳೇ ಸಂಚಿಕೆಗಳೆಲ್ಲ ಪುಟ ವಿನ್ಯಾಸದ ಪೇಜ್‌ಮೇಕರ್‌ನಲ್ಲಿವೆ, ಅದರ ಪಠ್ಯವನ್ನು ನಿಮ್ಮ ಹಳೇ ಫಂಕ್ಷನ್‌ನಿಂದಲೇ ಬದಲಿಸುತ್ತಿದ್ದೇವೆ. ಸ್ಕ್ರಿಪ್ಟ್ ಬರೆದುಕೊಟ್ಟ ಹುಡುಗ ಈಗ ಬೇರೆ ಊರಿನಲ್ಲಿದ್ದಾನೆ. ಹೆಸರು ಬದಲಾದರೆ ಸರಿಮಾಡಲು ನಮಗೆ ಬರುವುದಿಲ್ಲ.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಧನ್ಯವಾದ. ಫಂಕ್ಷನ್ ಹೆಸರು ಹಾಗೇ ಇರಲಿ, ಒಳಗೆ ಹೊಸ ಮಾಡ್ಯೂಲನ್ನು ಕರೆಯುತ್ತೇನೆ. ಮುಂದಿನ ಆವೃತ್ತಿಯಲ್ಲಿ ಎಚ್ಚರಿಕೆ ಮಾತ್ರ, ಅದರ ನಂತರದ್ದರಲ್ಲಿ ಹಳೇ ಫೈಲು ತೆಗೆಯುತ್ತೇನೆ. ವಾರಪತ್ರಿಕೆಯವರೇ, ಅಚ್ಚಾದ ಕೆಲವು ಸಂಚಿಕೆಗಳ ಪಠ್ಯ ಕಳಿಸಿಕೊಡಿ. ಎರಡರಲ್ಲೂ ಹಾಯಿಸಿ, ವ್ಯತ್ಯಾಸದ ಪಟ್ಟಿಯನ್ನು ಇಲ್ಲೇ ಹಾಕುತ್ತೇನೆ.